ಬೇಸೂರಬುವಾ ಬಂದ ಮಧ್ಯಾಹ್ನ

ನನ್ನ ಹೆಸರು ಪ್ರಥಮೇಶ. ಆದರೆ ಮಿರಜ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ರಿಕ್ಷಾದವನು ಕೂಗಿದ್ದು, "ಏ, ಬೇಸೂರಬುವಾ ಬಂದ್ರು!" ಅಥಣಿ ಕಡೆಯಿಂದ ದವಾಖಾನೆಗೆ ಬಂದಿದ್ದ ಮುದುಕಿಯೊಬ್ಬಳು ಪಟ್ಟಿ ಸುತ್ತಿದ ಕೈ ಎತ್ತಿ, "ಯಪ್ಪಾ, ಒಮ್ಮಿ ಆ ಬಿಕ್ಕಳಿಕಿ ತಗದು ತೋರ್ಸೋ" ಎಂದಳು. ತೋರಿಸಿದೆ. ತೋರಿಸದಿದ್ದರೆ ಬಿಡುತ್ತಾರೆಯೇ? ಇಡೀ ಪ್ಲಾಟ್‌ಫಾರ್ಮು ನಕ್ಕಿತು.

ಹಾಳಾದ ಬುವಾ! ಟೀವಿಯ ನಗೆ ಕಾರ್ಯಕ್ರಮದಲ್ಲಿ ಅಜ್ಜಿಕಥೆಗಳನ್ನು ಅಣಕಿಸುವ ಒಂದು ಪ್ರಹಸನವಿದೆ. ಅದರಲ್ಲಿ ಶಾಪ ತಗುಲಿ ಮಲಗಿದ ರಾಜಕುಮಾರಿಯನ್ನು ಎಬ್ಬಿಸಲು ಬರುವ ಮೂಗುದನಿಯ ಸಿತಾರದವನು, ಅಪಸ್ವರದ ಆ ಬೇಸೂರಬುವಾ, ನಾನು. ರಾಗ ಚೆನ್ನಾಗಿಯೇ ಏರುತ್ತದೆ, ತುದಿಗೆ ಬಂದಾಗ ಸ್ವರ ಜಾರುತ್ತದೆ, ನಾನು ಬಿಕ್ಕುತ್ತೇನೆ, ರಾಜಕುಮಾರಿ ಬೈಯುತ್ತ ಎದ್ದು ಕೂರುತ್ತಾಳೆ. ವಾರವಾರವೂ ಅದೇ. ಈಗೀಗ ಕೋಣೆಯಲ್ಲಿ ಒಬ್ಬನೇ ಕೂತು ನುಡಿಸಿದರೂ ಗೋಡೆಯಾಚೆ ಜನ ನಗುವುದು ಕೇಳಿಸುತ್ತದೆ. ಎದ್ದು ನೋಡಿದರೆ ಯಾರೂ ಇಲ್ಲ. ಹೆದರಿಕೆಯಾಗುತ್ತದೆ, ಸುಳ್ಳೇಕೆ ಹೇಳಲಿ.

ಗೋದಾಕಾಕಿ ಫೋನ್ ಮಾಡಿದ್ದಳು. "ನಿಮ್ಮ ಕಾಕಾಗ ಭಾಳ ಜಡ್ಡಾಗೇತಿ. ಕಡೇ ಸಿತಾರ ಮಾಡಿ ಮುಗಿಸ್ಯಾರ. ನೀ ಬಾರ್ಸೂದು ಕೇಳಬೇಕಂತ ಜೀವಾ ಹಿಡಕೊಂಡು ಕುಂತಾರ, ಲಗೂನ ಬಾ."

ತಮ್ಮಣ್ಣ ಕಾಕಾ ನನ್ನನ್ನು ಕಸಬೆ ಡಿಗ್ರಜ ಎಂಬ ಹಳ್ಳಿಯಿಂದ ಕರೆತಂದು, ತಮ್ಮ ಸಿತಾರದ ಅಂಗಡಿಯ ಮಾಳಿಗೆಯಲ್ಲಿಟ್ಟುಕೊಂಡು, ಬೆರಳು ಸೀಳುವ ತನಕ ಕಲಿಸಿದವರು. ಟೀವಿಯನ್ನು ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ನಾನು ಮುಂಬಯಿಯ ಸಂಗೀತದ ಮೈಫಿಲುಗಳಲ್ಲಿ ನುಡಿಸುತ್ತೇನೆ ಎಂದು ಕಾಕಿ ಅವರಿಗೆ ಹೇಳಿಟ್ಟಿದ್ದಳು.

ನಮ್ಮ ಮನೆಯಲ್ಲೊಂದು ಪದ್ಧತಿಯಿದೆ. ಹೊಸ ವಾದ್ಯವನ್ನು ಮೊದಲ ಸಲ ನುಡಿಸುವಾಗ, ಮಾಡಿದವನು ಗೋಡೆಯ ಕಡೆ ಮುಖ ಮಾಡಿ, ತಲೆಯ ಮೇಲೆ ಟವೆಲ್ ಹೊದ್ದು ಕೂರಬೇಕು. ನುಡಿಸುವವನು ಬಾಯಿ ಬಿಡುವಂತಿಲ್ಲ. ಯಾರೆಂದು ತಿಳಿದರೆ ಕಿವಿ ಮುಲಾಜಿಗೆ ಬೀಳುತ್ತದಂತೆ. ಮನಸ್ಸಿಗೆ ಬಂದರೆ ಮಾತ್ರ "ಆತು" ಎಂದು ಈಚೆ ತಿರುಗಬೇಕು. ಆ ಒಂದು ಮಾತಿಗಾಗಿ ನಾನು ಓಡಿಬಂದಿದ್ದೆ. ಬುವಾ ನನ್ನನ್ನು ಇನ್ನೂ ಪೂರ್ತಿ ನುಂಗಿಲ್ಲ ಎಂದು ಹೇಳಬಲ್ಲವರು ಕಾಕಾ ಒಬ್ಬರೇ.

ನಾನು ಹೋಗುವಷ್ಟರಲ್ಲಿ ಅವರು ಟವೆಲ್ ಹೊದ್ದು, ದಿಂಬು ತಬ್ಬಿಕೊಂಡು ಗೋಡೆಯ ಕಡೆ ಕೂತಾಗಿತ್ತು. ಕಾಕಿ ಕೈಸನ್ನೆಯಲ್ಲೇ ಸಿತಾರ ತೋರಿಸಿದಳು. ಭೀಮಪಲಾಸ ರಾಗ ಎತ್ತಿಕೊಂಡೆ. ಅಬ್ಬಾ, ಎಂಥ ವಾದ್ಯ! ಮುಟ್ಟಿದರೆ ಸಾಕು, ಮಾತಾಡುತ್ತಿತ್ತು. ಟವೆಲ್ಲಿನೊಳಗೆ ಕಾಕಾನ ತಲೆ ಮೆಲ್ಲಗೆ ತೂಗತೊಡಗಿತು. ನನಗೆ ಅಳು ಬಂತು.

ತುದಿಯ ಸ್ವರ ಬಂತು. ಬೆರಳು ಜಾರಿತು. ನಾನು ಜಾರಿಸಲಿಲ್ಲ, ತಾಯಾಣೆ! ಗಂಟಲಿನಿಂದ ಬಿಕ್ಕಳಿಕೆಯೂ ತಾನಾಗಿಯೇ ಹೊರಬಿತ್ತು. ಹಲ್ಲು ಕಚ್ಚಿ ಮತ್ತೆ ಮೊದಲಿನಿಂದ ಹಿಡಿದೆ. ಮತ್ತೆ ಅಲ್ಲೇ ಜಾರಿತು, ಮತ್ತೆ ಬಿಕ್ಕಿದೆ. ಗೋಡೆಯಾಚೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಕಾಕಿಗೆ ಅದು ಕೇಳಿಸಲಿಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ಕಾಕಾ ನಕ್ಕರು. ಸಿಟ್ಟಿನ ನಗುವಲ್ಲ, ಪ್ರೀತಿಯದೇ. ನಗುತ್ತ ಕೆಮ್ಮಿದರು.

"ಭಾರೀ ನಗಸ್ತೀಯಪಾ ತಮ್ಮಾ. ಯಾವೂರು ನಿಂದು? ಇರಲಿ, ಚಾ ಕುಡದು ಹೋಗು. ಅದನ್ನ ಹಗೂರಕ ಕೆಳಗಿಡು, ನಮ್ಮ ಹುಡಗನ ಸಲುವಾಗಿ ಮಾಡೇನಿ." ಆಮೇಲೆ ಕಾಕಿಯನ್ನು ಕೇಳಿದರು, "ಗೋದಾ, ಪ್ರಥಮೇಶ ಇನ್ನೂ ಬಂದಿಲ್ಲೇನ?"

ನಾನೇ ಪ್ರಥಮೇಶ ಎನ್ನಲು ಬಾಯಿ ತೆರೆದೆ. ಬಂದದ್ದು ಬುವಾನ ಮೂಗುದನಿ.

"ಬರ್ತಾನ್ರಿ. ಗಾಡಿ ಲೇಟ್ ಆಗೇತಿ."

"ಬರಲಿ," ಎಂದರು ಕಾಕಾ, ಟವೆಲ್ಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು. "ಅಂವ ಬರೂತನಕಾ ನಾ ಹಿಂಗ ಕುಂತಿರ್ತೇನಿ."