ಪಾಸಾದದ್ದಕ್ಕೆ ಊಟ

ಸೀಗಡಿ ತುಂಬಿದ ಕಡುಬು ಮೂರನೆಯ ಸಲವೂ ತಿನ್ನುವ ಕಡ್ಡಿಗಳ ನಡುವಿನಿಂದ ಜಾರಿ ಬಿದಿರಿನ ಬುಟ್ಟಿಯೊಳಕ್ಕೇ ಬಿದ್ದಾಗ ಸೌಮ್ಯ ನಕ್ಕುಬಿಟ್ಟಳು.

"ಇದಕ್ಕಿಂತ ಪರೀಕ್ಷೇನೆ ಸುಲಭ ಇತ್ತು ಕಣ್ರೀ" ಎಂದು ಕಡ್ಡಿಗಳನ್ನು ಬದಿಗಿಟ್ಟು, ಬೆರಳಲ್ಲೇ ಎತ್ತಿ ಬಾಯಿಗೆ ಹಾಕಿಕೊಂಡಳು. ಗಾಜಿನಂಥ ತೆಳು ಹಿಟ್ಟು, ಒಳಗೆ ಸುಡುಸುಡು ಸೀಗಡಿ. ನಾಲಿಗೆ ಸುಟ್ಟಿತು. ಎದುರಿಗೆ ಕೂತಿದ್ದ ಗಂಡ ಮಹದೇವು ಅವಳ ಲೋಟಕ್ಕೆ ತಿಳಿ ಚಹಾ ಬಗ್ಗಿಸಿದ. ಅವನ ತಟ್ಟೆ ಇನ್ನೂ ಖಾಲಿಯಿತ್ತು.

ಮ್ಯಾಂಚೆಸ್ಟರಿಗೆ ಬಂದ ಮೊದಲ ವಾರದಲ್ಲೇ ಅವರು ಈ ಚೀನಾ ಹೋಟೆಲಿನ ಗಾಜಿನ ಮುಂದೆ ನಿಂತು ಒಳಗೆ ನೋಡಿದ್ದರು. ಒಂದರ ಮೇಲೊಂದು ಪೇರಿಸಿದ ಪುಟ್ಟ ಬುಟ್ಟಿಗಳು, ಮುಚ್ಚಳ ತೆಗೆದರೆ ಮುಖ ಮುಚ್ಚುವಷ್ಟು ಹಬೆ, ಸುತ್ತ ಕೂತ ಮುದುಕರು, ಮೊಮ್ಮಕ್ಕಳು. ಈ ತಿಂಡಿಗೆ ಡಿಮ್ ಸಮ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು. "ನೀನು ಪಾಸಾದ ದಿನ ಬರಾಣ" ಎಂದಿದ್ದ ಮಹದೇವು. ಮಂಡ್ಯದಲ್ಲಿ ಆರು ವರ್ಷ ನರ್ಸ್ ಆಗಿ ದುಡಿದವಳಿಗೆ ಇಲ್ಲಿ ಮತ್ತೆ ಪರೀಕ್ಷೆ. ಮೊದಲ ಸಲ, ಔಷಧಿ ಕೊಡುವ ಮುಂಚೆ ರೋಗಿಯ ಹೆಸರು ಕೇಳುವುದನ್ನೇ ಮರೆತು ಫೇಲಾಗಿದ್ದಳು. ಇನ್ನೊಮ್ಮೆ ತಪ್ಪಿದ್ದರೆ ಕೆಲಸ ಉಳಿಯುವ ನಂಬಿಕೆ ಇರಲಿಲ್ಲ. ಅವಳ ಕೆಲಸ ಹೋದರೆ ಇಬ್ಬರ ವೀಸಾವೂ ಹೋಗುತ್ತಿತ್ತು. ಮದ್ದೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮಹದೇವು ಅದನ್ನು ಬಿಟ್ಟು ಅವಳ ಹಿಂದೆ ಬಂದು, ಇಲ್ಲೊಂದು ಗೋದಾಮಿನಲ್ಲಿ ಡಬ್ಬ ಕಟ್ಟುತ್ತಿದ್ದ. ಹೋದ ವಾರ ಪರೀಕ್ಷೆ ಮುಗಿದು, ಮೊನ್ನೆ ಶುಕ್ರವಾರ ಫಲಿತಾಂಶ ಬಂದಿತ್ತು.

ಸೌಮ್ಯ ಬುಟ್ಟಿಗಳ ಫೋಟೋ ತೆಗೆದು ಅವ್ವನ ನಂಬರಿಗೆ ಕಳಿಸಿದಳು. ಫೋನನ್ನು ಬಾಯಿಯ ಹತ್ತಿರ ಹಿಡಿದು, "ಅವ್ವೋ, ನೋಡು, ಚೀನಾದೋರ ಕಡುಬು. ಒಳಗೆ ಸೀಗಡಿ ಇಟ್ಟವ್ರೆ. ನೀನಾಗಿದ್ರೆ ಉಪ್ಪಿಲ್ಲ ಹುಳಿಯಿಲ್ಲ ಅಂತ ಬೈತಿದ್ದೆ" ಎಂದು ಹೇಳಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ಎರಡು ಗೀಟು ನೀಲಿಯಾದವು. ಕೈಮುಗಿದ ಒಂದು ಚಿತ್ರ ಬಂತು.

"ಕೇಳಿಸ್ಕಂಡ್ಲು ನೋಡಿ" ಎಂದು ಫೋನನ್ನು ಗಂಡನತ್ತ ತಿರುಗಿಸಿದಳು. ಮಹದೇವು ಬುಟ್ಟಿಯೊಂದರ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚಿದ.

ಆಗಲೇ ಶಶಿರೇಖಾ ಇವರ ಮೇಜಿನ ಹತ್ತಿರ ಬಂದದ್ದು. ಮಳವಳ್ಳಿ ಕಡೆಯವಳು, ಸೌಮ್ಯ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಹನ್ನೆರಡು ವರ್ಷದಿಂದ ಇದ್ದ ಹಿರಿಯ ನರ್ಸ್. ಅವಳ ತಂಗಿಯನ್ನು ಸೌಮ್ಯಳ ಊರು ಚಿಕ್ಕರಸಿನಕೆರೆಗೇ ಕೊಟ್ಟಿದ್ದರು. ಮಕ್ಕಳೊಂದಿಗೆ ಬಾಗಿಲಿನ ಪಕ್ಕದ ಮೇಜಿನಲ್ಲಿದ್ದವಳು ಇವರನ್ನು ಕಂಡು ಎದ್ದು ಬಂದಿದ್ದಳು.

"ಸೌಮ್ಯ, ಇಲ್ಲೇ ಇದ್ದೀಯಾ? ಊರಿಗೆ ಹೋಗಿದ್ದೀಯ ಅನ್ಕಂಡಿದ್ನಲ್ಲೇ."

"ಊರಿಗ್ಯಾಕಕ್ಕ? ಪಾಸಾದೆ ಅಕ್ಕ! ಶುಕ್ರವಾರ ಬಂತು."

ಶಶಿರೇಖಾ ಬುಟ್ಟಿಗಳನ್ನು ನೋಡಿದಳು. ಬಗ್ಗಿ ಸೌಮ್ಯಳ ಹೆಗಲ ಮೇಲೆ ಕೈಯಿಟ್ಟಳು. "ಒಳ್ಳೇದಾಯ್ತು ಬುಡು. ಅವ್ವನ ಮುಖ ನೋಡಕ್ಕಾಗ್ಲಿಲ್ಲ ಅನ್ನೋದೊಂದೇ. ಮಂಗಳವಾರ ನಮ್ ತಂಗಿ ಕಾರ್ಯಕ್ಕೆ ಹೋಗಿದ್ಲು. ಊರಿಗೂರೇ ಸೇರಿತ್ತಂತೆ."

"ಯಾರ ಕಾರ್ಯಕ್ಕೆ ಅಕ್ಕ?"

"ಅಕ್ಕ, ನಿಮ್ಮ ಮಕ್ಕಳು ಕರೀತಾವ್ರೆ ನೋಡಿ" ಎಂದು ಮಹದೇವು ಅರ್ಧ ಎದ್ದು ನಿಂತ.

ಹೆಗಲ ಮೇಲಿದ್ದ ಕೈ ಬಿಗಿಯಾದದ್ದು ಸೌಮ್ಯಳಿಗೆ ತಿಳಿಯಿತು. "ಮಹದೇವು, ಇವಳಿಗೆ ಹೇಳೇ ಇಲ್ವಾ ನೀವು?" ಎಂದಳು ಶಶಿರೇಖಾ.

ಬಡಿಸುವ ಹುಡುಗಿಯೊಬ್ಬಳು ಇನ್ನೊಂದು ಬುಟ್ಟಿ ತಂದು ಇಬ್ಬರ ನಡುವೆ ಇಟ್ಟು, ಮುಚ್ಚಳ ತೆಗೆದು, ನಗುತ್ತಾ ಏನೋ ಹೇಳಿ ಹೋದಳು. ಹಬೆ ಕರಗುವವರೆಗೂ ಗಂಡನ ಮುಖ ಕಾಣಿಸಲಿಲ್ಲ. ಕಂಡಾಗ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಶಶಿರೇಖಾ "ಅಯ್ಯೋ, ನಾನೇನು ಮಾಡ್ಬಿಟ್ಟೆ" ಎನ್ನುತ್ತಾ ಹಿಂದೆ ಸರಿದಳು.

"ಯಾವತ್ತು?" ಎಂದಳು ಸೌಮ್ಯ.

"ಹದಿನೈದು ದಿನ ಆಯ್ತು. ಶನಿವಾರ. ಎದೆನೋವು ಅಂದ್ರು. ಅದಕ್ಕೂ ಮುಂಚೆ ಮಂಡ್ಯದಲ್ಲಿ ಐದು ದಿನ ಇಟ್ಕಂಡಿದ್ರು."

"ಐದು ದಿನ" ಎಂದಳು. ಯಾವ ಆಸ್ಪತ್ರೆ, ಯಾವ ಡಾಕ್ಟರು, ಏನು ಕೊಟ್ಟರು ಎಂದೆಲ್ಲ ಕೇಳಿದಳು. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಕೇಳುವ ದನಿಯಲ್ಲೇ ಕೇಳಿದಳು. ಅವನು ಗೊತ್ತಿದ್ದಷ್ಟು ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನೀರು ತುಂಬಿತು. ಅವಳಿಗೆ ಬರಲಿಲ್ಲ.

"ಮತ್ತೆ ಅವ್ವನ ಮೆಸೇಜು? ಪರೀಕ್ಷೆ ಹಿಂದಿನ ದಿನ ಬಂತಲ್ಲ?"

"ಅತ್ತೆನೇ ಮಾತಾಡಿದ್ದು ಸೌಮ್ಯ. ಆಸ್ಪತ್ರೇಲಿ ಮಲಗ್ಕಂಡೇ ಮಾತಾಡಿದ್ರು. ನಿನಗೆ ಹೇಳಿದ್ರೆ ಪರೀಕ್ಷೆ ಕೆಡ್ತದೆ, ಹೇಳಬ್ಯಾಡಿ ಅಂತ ಕೆಂಪರಾಜು ಕೈಲಿ ಆಣೆ ಹಾಕಿಸ್ಕಂಡ್ರಂತೆ. ಮೂರು ಮೆಸೇಜು ಮಾತಾಡಿ ಇಟ್ಟಿದ್ರು. ದಿನ ನೋಡ್ಕಂಡು ಅವನು ಕಳಿಸ್ತಿದ್ದ."

ಕೆಂಪರಾಜು ಅವಳ ತಮ್ಮ. ಅವ್ವನ ಫೋನಿನಲ್ಲಿ ವೀಡಿಯೊ ಬರುತ್ತಿಲ್ಲ, ಅವ್ವ ಮಲಗಿದ್ದಾಳೆ, ಅವ್ವ ಗದ್ದೆಗೆ ಹೋಗಿದ್ದಾಳೆ ಎಂದು ಎರಡು ವಾರದಿಂದ ಹೇಳುತ್ತಿದ್ದವನು ಅವನೇ. ಓದಿನ ಗಡಿಬಿಡಿಯಲ್ಲಿ ಅವಳೂ ಒತ್ತಾಯಿಸಿ ಕೇಳಿರಲಿಲ್ಲ.

ಸೌಮ್ಯ ಫೋನ್ ಕಿವಿಗೆ ಹಿಡಿದು ಆ ಮೆಸೇಜನ್ನು ಹಾಕಿದಳು. "ಎದರ್‌ಬ್ಯಾಡ ಕಣ್ ಮಗ. ನಿನ್ ಕೈಗುಣ ಸೆಂದಾಗದೆ. ನಾಳೀಕೆ ನಿದಾನುಕ್ಕೆ ಮಾಡು." ಅವತ್ತು ಇದನ್ನು ನಾಲ್ಕು ಸಲ ಕೇಳಿದ್ದಳು. ಈಗ ಅವ್ವನ ಮಾತಿನ ಹಿಂದೆ, ಬಿಟ್ಟು ಬಿಟ್ಟು, ಟಿಂಕ್ ಟಿಂಕ್ ಎನ್ನುವ ಮಾನಿಟರಿನ ಸದ್ದು ಕೇಳಿಸಿತು. ದಿನಕ್ಕೆ ಹನ್ನೆರಡು ಗಂಟೆ ಅದೇ ಸದ್ದಿನ ನಡುವೆ ಓಡಾಡುವವಳು. ಕಿವಿಗೆ ಅದು ಅಷ್ಟು ರೂಢಿಯಾಗಿಲ್ಲದಿದ್ದರೆ ಅವತ್ತೇ ಗಮನಕ್ಕೆ ಬರುತ್ತಿತ್ತೇನೋ.

ಅವಳು ಫೋನ್ ಕೆಳಗಿಟ್ಟಳು. ಒಂದೊಂದೇ ನೆನಪಾಗತೊಡಗಿತು. ಹೊಟ್ಟೆ ಸರಿಯಿಲ್ಲವೆಂದು ಮಹದೇವು ಅಷ್ಟೂ ದಿನ ಬರೀ ಅನ್ನ ತಿಳಿಸಾರು ಉಂಡದ್ದು. ಪರೀಕ್ಷೆ ಮುಗಿಸಿ ಬಂದ ಸಂಜೆ ತನ್ನ ಕೈಯಾರೆ ಕೋಳಿಸಾರು ಮಾಡಿ ಬಡಿಸಿ, ಅವಳು ಉಣ್ಣುವುದನ್ನು ನೋಡುತ್ತ ಕೂತದ್ದು.

"ನೀವು ಸೂತಕ ಮಾಡಿದ್ರಿ" ಎಂದಳು. "ಮಗಳಿಗೆ ಕೋಳಿ ಮಾಡಿಕ್ಕಿದ್ರಿ."

"ಸೌಮ್ಯ, ಇವತ್ತು ಊಟ ಆದ್ಮೇಲೆ ಮನೇಲಿ ಹೇಳಾಣ ಅಂತಿದ್ದೆ. ನಮ್ಮಪ್ಪನಾಣೆ. ಎಲ್ಲಾರೂ ನಿನಗೋಸ್ಕರಾನೇ—"

"ಕೊನೇಗಾದ್ರೂ ಅವ್ವ ನನ್ನ ಕೇಳ್ಲಿಲ್ವಾ?"

ಇಲ್ಲ ಎಂದುಬಿಟ್ಟಿದ್ದರೆ ಅವಳು ನಂಬುತ್ತಿದ್ದಳು. ಅವನಿಗೂ ಅದು ಗೊತ್ತಿತ್ತು.

"ಕೇಳಿದ್ರು" ಎಂದ. "ಶನಿವಾರ ಬೆಳಗ್ಗೆ ಕೆಂಪರಾಜು ಫೋನ್ ಮಾಡಿದ. ಅವ್ವ ಒಂದ್ಸಲ ಮಾತಾಡ್ಸು ಅಂತಾವ್ಳೆ ಭಾವ, ಅಂದ."

"ನಾನೆಲ್ಲಿದ್ದೆ?"

"ರೂಮಲ್ಲಿ. ನೀನು ಪ್ರಾಕ್ಟೀಸ್ ಮಾಡ್ತಿದ್ದೆ."

"ಏನಂದ್ರಿ ಅವನಿಗೆ?"

"ಡ್ಯೂಟಿಗೆ ಹೋಗವ್ಳೆ ಅಂದೆ."

ಆ ಬೆಳಗ್ಗೆ ಅವಳಿಗೆ ನೆನಪಿತ್ತು. ಮಂಚದ ಮೇಲೆ ದಿಂಬು ಇಟ್ಟುಕೊಂಡು, ಎರಡೂ ಅಂಗೈ ಜೋಡಿಸಿ, ನಿಂತ ಎದೆಯನ್ನು ಒತ್ತಿ ಒತ್ತಿ ನಡೆಸುವ ಕ್ರಮವನ್ನು ಅಭ್ಯಾಸ ಮಾಡುತ್ತಿದ್ದಳು. ಒಂದರಿಂದ ಮೂವತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಿದ್ದಳು. ಮನೆಯೆಂದರೆ ಒಂದು ರೂಮು, ಒಂದು ಅಡುಗೆಮನೆ. ಆ ಎಣಿಕೆ ಫೋನಿನಲ್ಲಿ ಆ ಕಡೆಗೂ ಕೇಳಿಸಿರಬೇಕು.

"ನಾನು ಫೇಲಾಗ್ತೀನಿ ಅಂತ ಹೆದರಿದ್ರಾ, ವಾಪಸ್ ಹೋಗ್ಬೇಕಾಗ್ತದೆ ಅಂತ ಹೆದರಿದ್ರಾ?"

ಮಹದೇವು ಅವಳನ್ನು ನೋಡಿದ. "ಎರಡಕ್ಕೂ" ಎಂದ.

ಅವಳು ಕೋಟು ತೆಗೆದುಕೊಂಡಳು. ಅವನು ಏಳಲು ಹೋದಾಗ "ಕೂತ್ಕಳಿ" ಎಂದಳು. ಅವಳು ಅವನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅವನು ಕೂತ. ಬಾಗಿಲ ಬಳಿ ಶಶಿರೇಖಾ ಏನೋ ಹೇಳಲು ಬಂದಳು. ಸೌಮ್ಯ ಅವಳ ಕೈಯನ್ನೊಮ್ಮೆ ಹಿಡಿದು ಬಿಟ್ಟು ಹೊರಗೆ ನಡೆದಳು.

ಹೊರಗೆ ಚಳಿಯಿತ್ತು. ಬೀದಿಯ ತುಂಬ ಭಾನುವಾರದ ಜನ. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ತಮ್ಮನ ನಂಬರು ತೆಗೆದಳು. ಒತ್ತಲಿಲ್ಲ. ಅದರ ಕೆಳಗೆ ಅಪ್ಪನ ನಂಬರಿತ್ತು. ಅಪ್ಪ ಚೌಡಯ್ಯನದು ಗುಂಡಿ ಒತ್ತುವ ಸಣ್ಣ ಫೋನು. ಫೋನಿನಲ್ಲಿ ಮಾತಾಡುವುದೆಂದರೆ ಅವನಿಗಾಗದು. ಯಾವಾಗ ಮಾಡಿದರೂ "ತಕ್ಕೋ, ನಿಮ್ಮವ್ವುಂಗೆ ಕೊಡ್ತೀನಿ" ಎಂದುಬಿಡುತ್ತಿದ್ದ. ಅವನಿಗೆ ಫೋನ್ ಮಾಡಿ ಎರಡು ತಿಂಗಳಾಗಿತ್ತು.

ಆರು ಸಲ ರಿಂಗಾಯಿತು.

"ಯಾರು?"

"ನಾನು ಕಣಪ್ಪ. ಸೌಮ್ಯ."

ಆ ಕಡೆ ಏನೋ ಉರುಳಿ ಬಿದ್ದಂತಾಯಿತು, ಲೋಟವಿರಬೇಕು. ಆಮೇಲೆ ಅಪ್ಪ, ಮಕ್ಕಳು ಬಾಯಿಪಾಠ ಒಪ್ಪಿಸುವಂತೆ, ಒಂದೇ ಉಸಿರಿಗೆ ಹೇಳಿದ:

"ನಿಮ್ಮವ್ವ ಅಂಗಡಿ ತಾವ್ಕೆ ಓಗವ್ಳೆ ಕಣವ್ವ. ಸಂದಾಗವ್ಳೆ. ಈಗ ಬತ್ತಾಳೆ."

ಕೊನೆಯ ಮಾತಿಗೆ ಅವನ ದನಿ ಒಡೆಯಿತು. ಅದನ್ನು ಮುಚ್ಚಲು ಕೆಮ್ಮಿದ. ಕೆಮ್ಮು ಬೇಗ ನಿಲ್ಲಲಿಲ್ಲ.

ಗೊತ್ತಾಯಿತು ಎನ್ನಲು ಸೌಮ್ಯ ಬಾಯಿ ತೆರೆದಳು. ಕೆಮ್ಮು ನಿಂತು, ಅವನು ಉತ್ತರಕ್ಕೆ ಕಾಯುತ್ತಿದ್ದ.

"ಆಯ್ತು ಕಣಪ್ಪ" ಎಂದಳು. "ಬರ್ಲಿ. ಕಾಯ್ತೀನಿ."

"ಊಂ" ಎಂದ ಅಪ್ಪ.

ಇಬ್ಬರೂ ಫೋನ್ ಇಡಲಿಲ್ಲ. ಅಲ್ಲಿ ಆಗಲೇ ಸಂಜೆಯಾಗಿತ್ತು. ಮನೆಯೆದುರಿನ ರಸ್ತೆಯಲ್ಲಿ ಬಸ್ಸೊಂದು ಬಂದು ನಿಂತಿತು. ಬಾಗಿಲು ಬಡಿದು "ಮಳ್ವಳ್ಳಿ, ಮಳ್ವಳ್ಳಿ" ಎಂದು ಯಾರೋ ಕೂಗಿದರು. ಇಳಿದವರ ಮಾತು ಹತ್ತಿರವಾಗಿ, ಬಾಗಿಲು ದಾಟಿ, ದೂರವಾಯಿತು. ಬಸ್ಸು ಹೊರಟಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೂ ಅಪ್ಪನ ಉಸಿರು ಕೇಳಿಸುತ್ತಲೇ ಇತ್ತು.