ಇಲ್ಟಿಡ್ ಹೇಳದ ಮಾತು

ಇಲ್ಟಿಡ್ ಪ್ರಾಸರ್ ನೇರವಾಗಿ ನಡೆದದ್ದನ್ನು ನಾನಂತೂ ಕಂಡಿಲ್ಲ. ಎಡಭುಜವನ್ನು ಮುಂದೊಡ್ಡಿ, ಇಡೀ ಇಂಗ್ಲೆಂಡಿನ ತಂಡವೇ ಮೈಮೇಲೆ ಬೀಳಲು ಬರುತ್ತಿದೆಯೇನೋ ಎಂಬಂತೆ, ನಿರ್ಜನ ಬೀದಿಯಲ್ಲೂ ಓರೆಯಾಗಿ ನುಗ್ಗುತ್ತಿದ್ದ ಆ ಗಜಗಮನ ನಮ್ಮ ಪೊಂಟ್‌ವೆನ್ ಊರಿನ ವೈಭವಗಳಲ್ಲೊಂದು. ತಗಡಿನ ಕಾರ್ಖಾನೆಯ ಕುಲುಮೆಗೆ ಬೆಂದು ಹಂಚಿನ ಬಣ್ಣಕ್ಕೆ ತಿರುಗಿದ ಮುಂಗೈ, ಆಟದಲ್ಲಿ ಜಜ್ಜಿಹೋದ ಕಿವಿಗಳ ಜಾಗದಲ್ಲಿ ಎರಡು ಮಾಂಸದ ಮುದ್ದೆ, ಪ್ರತಿ ಮಾತಿಗೂ ಮುಂಚೆ "ಇದ್ದದ್ದು ಹೇಳ್ತೀನಿ" ಎಂಬ ಪಲ್ಲವಿ. ವೇಲ್ಸ್ ದೇಶ ರಗ್ಬಿ ತಂಡ ಕಟ್ಟಿದ ಮೊದಮೊದಲ ವರ್ಷಗಳಲ್ಲೇ ಕೆಂಪು ಅಂಗಿ ತೊಟ್ಟು ಒಂಬತ್ತು ಸಲ ಆಡಿದವನು; ಆರು ಸಲ ಸೋತವನು. ಸೋತದ್ದನ್ನೂ ಯಾರೂ ಕೇಳದೆ ತಾನೇ ಹೇಳುತ್ತಿದ್ದ.

ನಮ್ಮ ಚಾಪೆಲ್ ಎಂಬ ಪುಟ್ಟ ಪ್ರಾರ್ಥನಾಮಂದಿರದ ಹಿರಿಯರಿಗೆ ಚೆಂಡೆಂದರೆ ಸಾಕ್ಷಾತ್ ಸೈತಾನನ ತಲೆ. ಅವನು ಮೊದಲ ಸಲ ದೇಶಕ್ಕಾಗಿ ಆಡಿಬಂದ ವಾರವೇ, ಅವನನ್ನು ಸಭೆಯಿಂದ ಹೊರಗಿಡಬೇಕೆಂದು ಹಿರಿಯ ಹೆಸೆಕಾಯ ಬೋವೆನ್ ಸೂಚಿಸಿದರು. ಎಲ್ಲರೂ ಕೈ ಎತ್ತಿದರು. ಆ ಪಂದ್ಯಕ್ಕೆ ಕದ್ದು ಹೋಗಿ, ಕಿರುಚಿ ಗಂಟಲು ಕಟ್ಟಿಸಿಕೊಂಡು ಬಂದಿದ್ದ ನಾನೂ ಎತ್ತಿದೆ. ಥೂ, ನನ್ನ ಜನ್ಮಕ್ಕಿಷ್ಟು! ಅಂದಿನಿಂದ ತಿಂಗಳಿಗೊಮ್ಮೆ, ಸಭೆಗೆ ಸೇರಿದವರಷ್ಟೇ ತಿನ್ನುವ ಪ್ರಭುಭೋಜನದ ಪವಿತ್ರ ರೊಟ್ಟಿ ಹಂಚುವ ಮುನ್ನ ಅವನು ಎದ್ದು ಹೊರಗೆ ಹೋಗಬೇಕು. ಅವನ ತಾಯಿ ತಾಮಾರ್ ಬೆಂಚಿನಲ್ಲಿ ಒಂಟಿಯಾಗಿ ಉಳಿಯಬೇಕು. ಅವಳು ಸಿಟ್ಟನ್ನೆಲ್ಲ ತೀರಿಸಿಕೊಂಡದ್ದು ದೇಶಕ್ಕಾಗಿ ಆಡಿದ್ದಕ್ಕೆ ಗೌರವವೆಂದು ಕೊಟ್ಟ ಕುಚ್ಚಿನ ಟೋಪಿಯ ಮೇಲೆ: ಚಹಾ ಆರದಿರಲೆಂದು ಅದನ್ನು ಕೆಟಲಿಗೆ ಹೊದಿಸಿಬಿಟ್ಟಳು. "ಅಷ್ಟಕ್ಕಾದ್ರೂ ಬರ್ಲಿ, ದರಿದ್ರದ್ದು" ಅನ್ನುವಳು. ಬೇರೆಯವರು ಮುಟ್ಟಿದರೆ ಮಾತ್ರ ಚಮಚದಿಂದ ಕೈಮೇಲೆ ಬಾರಿಸುವಳು.

ಹನ್ನೊಂದು ವರ್ಷ ಹೀಗೇ ಕಳೆಯಿತು. ಕಾರ್ಡಿಫ್‌ನ ಕೆಸರಿನಲ್ಲಿ ಅವನ ಮೊಣಕಾಲು ಮುರಿದು ಆಟ ಮುಗಿಯಿತು. ಅಷ್ಟರಲ್ಲಿ ತಾಮಾರಳಿಗೆ ಎದೆನೋವು ಹತ್ತಿತ್ತು. ಕಣ್ಣು ಮುಚ್ಚುವ ಮುಂಚೆ ಒಮ್ಮೆ ಮಗನ ಪಕ್ಕದಲ್ಲಿ ಕೂತು ಆ ರೊಟ್ಟಿಯ ಚೂರು ಬಾಯಿಗಿಡಬೇಕು, ಅದೊಂದೇ ಅವಳ ಆಸೆ. ಬೋವೆನ್ ಕೂಡ ಕರಗಿದ್ದರು. ಪ್ರಭುಭೋಜನದ ಭಾನುವಾರ ಎಲ್ಲರೆದುರು ಕೇಳಿದರು:

"ಆಟ ಬಿಟ್ಟಿದ್ದೀಯಲ್ಲ ಇಲ್ಟಿಡ್, 'ತಪ್ಪಾಯ್ತು' ಅಂತ ಒಂದು ಮಾತು ಹೇಳಿಬಿಡಪ್ಪ. ಸಾಕು."

"ಇದ್ದದ್ದು ಹೇಳ್ತೀನಿ, ಹಿರಿಯರೇ. ನಾನು ಬಿಡ್ಲಿಲ್ಲ, ಮೊಣಕಾಲು ಬಿಡ್ತು. ಅದು ನೆಟ್ಟಗಿದ್ದಿದ್ರೆ ಬರೋ ಶನಿವಾರವೂ ಆಡ್ತಿದ್ದೆ. ದೇವರ ಮನೇಲಿ ನಿಂತು ಸುಳ್ಳು ಹೇಳ್ಲಾ?"

"ನಿಮ್ಮಮ್ಮನ ಮುಖ ನೋಡೋ, ಮೊಂಡ!"

ನೋಡಿದ. ಕಣ್ಣು ತುಂಬಿ ಬಂತು. ಕುಂಟುತ್ತ ಬಾಗಿಲು ದಾಟಿ ಹೋದ. ಅಷ್ಟರಲ್ಲಿ ತಾಮಾರ್ ಬೆಂಚು ಹಿಡಿದು ಮೆಲ್ಲಗೆ ಎದ್ದಳು.

"ಕೂತ್ಕೊಳ್ಳಮ್ಮ, ಹೊರಗಿಟ್ಟಿರೋದು ನಿನ್ನನ್ನಲ್ಲ" ಎಂದರು ಬೋವೆನ್.

"ಗೊತ್ತು ಕಣಯ್ಯಾ. ಹನ್ನೊಂದು ವರ್ಷ ಅವನನ್ನ ಒಬ್ಬನ್ನೇ ನಿಲ್ಲಿಸ್ದೆ. ನನ್ನ ಪಾಲಿನ ರೊಟ್ಟಿ ನೀವೇ ತಿನ್ನಿ."

ಹೇಳಿ, ಮಗನಿದ್ದಲ್ಲಿಗೆ ಹೊರಟೇಹೋದಳು.

ರೊಟ್ಟಿಯ ತಟ್ಟೆ ನನ್ನ ಕೈಗೂ ಬಂತು, ಚೂರು ಮುಟ್ಟದೆ ಪಕ್ಕದವರಿಗೆ ದಾಟಿಸಿದೆ. ಇಲ್ಟಿಡ್‌ನಂಥವರು ಜಗಳಕ್ಕೆ ನಿಲ್ಲುವುದಿಲ್ಲ, ನಮ್ಮ ನಿಯಮಗಳನ್ನು ಮುರಿಯುವುದೂ ಇಲ್ಲ. ಹೋಗು ಎಂದರೆ ಎದ್ದು ಹೋಗುತ್ತಾರೆ. ಅವರನ್ನು ಹೊರಗೆ ಕಳಿಸುವುದು ಬಲು ಸುಲಭ. ಕಳಿಸಿದ ಮೇಲೆ ಒಳಗೆ ಕೂತಿರುವುದು ಮಾತ್ರ ಕಷ್ಟ.