ವಸ್ತಿ ಬಸ್ಸಿಗೆ ಹೆಗಲು

"ಏ ಸಕ್ರಿ, ರೊಟ್ಟಿ ತಿಂದಿಲ್ಲೇನ ಹಲ್ಕಟ್ ರಂಡಿ? ಹಚ್ಚ ಹೆಗಲಾ."

ಬಸ್ಸಿನ ಮುಂದಿನ ಸೀಟಿನಿಂದ ತಲೆ ಹೊರಗೆ ಹಾಕಿ ಊರ ಜಮೀನ್ದಾರ ಗುರುಸಂಗಪ್ಪ ಕೂಗಿದ. ಸಕ್ರವ್ವ ಆಗಲೇ ಹೆಗಲು ಹಚ್ಚಿದ್ದಳು. ಬಾಯಲ್ಲಿ ಸೆರಗು ಕಚ್ಚಿದ್ದರಿಂದ ಉತ್ತರ ಕೊಡುವಂತಿರಲಿಲ್ಲ. ಬಾಯಿ ಬಿಡುವಾಗಿದ್ದರೂ ಕೊಡುತ್ತಿರಲಿಲ್ಲ. ಪಕ್ಕದಲ್ಲಿ ಕೇರಿಯ ಹೆಂಗಸರು, ಬಳೆ ಮಾರುವ ಖಾತುನಬಿ, ಒಂದಿಬ್ಬರು ಮುದುಕರು ನೂಕುತ್ತಿದ್ದರು.

ರಾತ್ರಿ ಲಕ್ಕಲಕಟ್ಟಿಯಲ್ಲಿ ತಂಗಿ ಬೆಳಿಗ್ಗೆ ಗಜೇಂದ್ರಗಡಕ್ಕೆ ಹೋಗುವ ಈ ವಸ್ತಿ ಬಸ್ಸು ಬೆಂಗಳೂರಿನಲ್ಲಿ ಓಡಿ ಸವೆದು ಇಲ್ಲಿಗೆ ಬಂದದ್ದು. ಹೊಸ ಬಣ್ಣದ ಕೆಳಗೆ ಹಳೆಯ ಅಕ್ಷರ ಕಾಣುತ್ತಿತ್ತು. ಅದು ಜಯನಗರ ಎಂದು ಮಗಳು ಶ್ವೇತಾ ಓದಿ ಹೇಳಿದ್ದಳು. ಅಲ್ಲಿ ಇದನ್ನು ಯಾರು ನೂಕುತ್ತಿದ್ದರು ಎಂದು ಸಕ್ರವ್ವ ಕೇಳಿದ್ದಳು.

ಬೆಳಗಿನ ತಂಪಿಗೆ ಇಂಜಿನ್ನು ತಾನಾಗಿ ಚಾಲೂ ಆಗುತ್ತಿರಲಿಲ್ಲ. ಊರ ಮುಂದಿನ ಮೋರಿ ಸೇತುವೆಯ ಏರು ದಾಟಿಸಿದರೆ ಆಚೆಯ ಇಳಿಜಾರಿನಲ್ಲಿ ಉರುಳಿ ಹೊಗೆ ಉಗುಳುತ್ತಿತ್ತು. ಸಕ್ರವ್ವನ ಹೆಗಲಿಲ್ಲದೆ ಏರು ದಾಟುತ್ತಿರಲಿಲ್ಲ. ಅವಳಿಗೆ ಜ್ವರ ಬಂದ ದಿನ ಬಸ್ಸು ಅರ್ಧ ಏರು ಹತ್ತಿ ಹಿಂದಕ್ಕೆ ಬಂದಿತ್ತು. ಎತ್ತು ಕಟ್ಟೋಣವೇ ಎಂದು ಡ್ರೈವರ್ ಮೈಲಾರಪ್ಪ ಕೇಳಿದ್ದಕ್ಕೆ ಗುರುಸಂಗಪ್ಪ, ಎತ್ತಿನ ಹೆಗಲು ಹುಣ್ಣಾಗುತ್ತದೆಂದು ಹೇಳಿ, ಸಕ್ರವ್ವನನ್ನು ಎಬ್ಬಿಸಿ ತರಲು ಆಳು ಕಳಿಸಿದ್ದ.

ಚಾಲೂ ಆದ ಮೇಲೆ ಮೈಲಾರಪ್ಪ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಮತ್ತೆ ನೂಕಬೇಕು. ಊರ ದೊಡ್ಡವರು ಮೊದಲೇ ಹತ್ತಿ ಕೂತಿರುತ್ತಾರೆ. ನೂಕಿದವರು ಓಡಿ ಹತ್ತಬೇಕು. ಹೈಸ್ಕೂಲಿಗೆ ಹೋಗುವ ಶ್ವೇತಾ ಒಮ್ಮೆ ಒಳಗೆ ಕೂತಿದ್ದಳು. ಅವ್ವ ನೂಕುವಾಗ ಮಗಳು ರಾಣಿಯಂತೆ ಕೂರುವುದೇ ಎಂದು ಗುರುಸಂಗಪ್ಪ ಇಳಿಸಿದ್ದ.

ಇವತ್ತು ಓಡುವಾಗ ಶ್ವೇತಾಳ ಕಾಲು ಜಾರಿತು. ಮೊಣಕಾಲು ರಸ್ತೆಗೆ ಉಜ್ಜಿತು. ಆಗಲೇ ಓಡಿ ಹತ್ತಿದ್ದ ಖಾತುನಬಿ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಬಸ್ಸು ಹೋಯಿತು. ಹೊಗೆ ತಿಳಿಯಾದ ಮೇಲೆ ಸಕ್ರವ್ವ ರಸ್ತೆಯಲ್ಲಿ ಬಿದ್ದಿದ್ದ ಮಗಳ ಒಂಟಿ ಚಪ್ಪಲಿ ಎತ್ತಿಕೊಂಡು ಹೊಲಕ್ಕೆ ಹೋದಳು.

ಸಂಜೆ ಗುರುಸಂಗಪ್ಪನ ಕಟ್ಟೆಯ ಮೇಲೆ ಬಸ್ಸಿನ ತಪಾಸಣೆಗೆ ಬಂದ ಸಾರಿಗೆ ಸಾಹೇಬನೊಬ್ಬ ಮೊಬೈಲು ಎತ್ತಿ ಹಿಡಿದು ಸಿಗ್ನಲ್ಲು ಹುಡುಕುತ್ತಿದ್ದ. ಬೆಂಗಳೂರು ಕಡೆಯವನು. ಸಕ್ರವ್ವ ಅಂಗಳ ಗುಡಿಸುತ್ತಿದ್ದಳು. ಮನೆಯ ಹೆಂಗಸರಿಗೆ ಬಳೆ ತೊಡಿಸಿ ಹೊರಬಂದ ಖಾತುನಬಿ, ಊರಿಗೊಂದು ಚಲೋ ಬಸ್ಸು ಕೊಡಬೇಕೆಂದು ಅವನನ್ನು ಕೇಳಿದಳು.

"ಹೊಸ ಬಸ್ಸು ಬೆಂಗಳೂರಿಗೇ ಸಾಲಲ್ಲಮ್ಮ. ರೋಣದವರೂ ಕೇಳ್ತಾರೆ, ನರಗುಂದದವರೂ ಕೇಳ್ತಾರೆ. ಇದು ಒಂದು ದಿನವೂ ತಪ್ಪದೆ ಹೊರಡ್ತಾ ಇದೆಯಲ್ಲ? ಹೊರಡೋ ಬಸ್ಸಿಗೆ ಬದಲಿ ಕೊಡಿ ಅಂತ ನಾನು ಹೇಗೆ ಬರೀಲಿ?"

"ನಾವು ನೂಕತೀವಿ ಅಂತ ಹೊಂಡತೈತ್ರಿ ಸಾಹೇಬ್ರ."

"ಹೇಗೋ ಹೊರಡುತ್ತಲ್ಲ."

"ಹೊಂಡಲಿಲ್ಲಂದ್ರ?"

ಸಾಹೇಬ ಮೊಬೈಲು ಕಿಸೆಗೆ ಹಾಕಿದ. ಹೊರಡದ್ದನ್ನು ಕಣ್ಣಾರೆ ಕಂಡರೆ ಬೇರೆ ಬಸ್ಸಿಗೆ ಬರೆಯಬಹುದು, ಇಲ್ಲವೇ ಈ ಊರಿಗೆ ಬಸ್ಸೇ ಬೇಡವೆಂದು ಬರೆಯಬಹುದು, ಎರಡರಲ್ಲಿ ಯಾವುದೂ ಆಗಬಹುದು ಎಂದ. ನಾಳೆ ಬೆಳಿಗ್ಗೆ ಅವನು ಈ ಬಸ್ಸಿನಲ್ಲೇ ಹೋಗುವವನಿದ್ದ.

ಪಕ್ಕದಲ್ಲಿ ಕೂತಿದ್ದ ಗುರುಸಂಗಪ್ಪ ನಕ್ಕ. ಊರಿಗೆ ಬಸ್ಸು ತಂದವನು ತಾನೆಂದು ಅವನು ಹೇಳಿಕೊಳ್ಳದ ಜಾಗವಿರಲಿಲ್ಲ.

"ಒಂದ ದಿನಾ ನಿಂತಿಲ್ರಿ. ಈ ಸಕ್ರಿ ಅದಾಳಲ್ರಿ, ಕ್ವಾಣ ಇದ್ದಂಗ." ಆಮೇಲೆ ಅವಳ ಕಡೆ ತಿರುಗಿದ. "ನಾಳಿ ಲಗೂ ಬಾ. ಸಾಹೇಬ್ರ ಮುಂದ ಊರ ಮರ್ಯಾದಿ ಹೋಗಬಾರ್ದು."

"ಹೂಂನ್ರಿ ಯಪ್ಪಾ," ಎಂದಳು ಸಕ್ರವ್ವ.

ಮನೆಯಲ್ಲಿ ಶ್ವೇತಾ ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದಳು. ನಾಳೆ ಓಡಲು ಆಗುವುದಿಲ್ಲ ಎಂದಳು. ಸಕ್ರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಯೋಚಿಸಿದಳು. ಊರಿಗೆ ಬಸ್ಸೇ ನಿಂತು ಹೋದರೆ ಮಗಳು ಗುರುಸಂಗಪ್ಪನ ಹೊಲಕ್ಕೆ ಕಳೆ ತೆಗೆಯಲು ಬರುತ್ತಾಳೆ. ಇದೇ ಬಸ್ಸು ಇದ್ದರೆ ದಿನವೂ ಅದರ ಹಿಂದೆ ಓಡುತ್ತಾಳೆ. ನಿಂತಿದ್ದ ಬಸ್ಸನ್ನು ಮಗಳು ಹತ್ತಿದ್ದನ್ನು ಅವಳು ಕಂಡಿದ್ದು ಒಂದೇ ಸಲ, ಗುರುಸಂಗಪ್ಪ ಇಳಿಸಿದ ದಿನ.

ನಾಳೆ ಎಲ್ಲರಿಗಿಂತ ಮೊದಲೇ ಹೋಗುವುದು. ದಿನದ ಜಾಗದಲ್ಲೇ ನಿಲ್ಲುವುದು. ಸೆರಗು ಕಚ್ಚಿ, ಹೆಗಲು ಹಚ್ಚಿ, ಎಲ್ಲರಿಗಿಂತ ಜೋರಾಗಿ ನರಳುವುದು. ಭಾರ ಮಾತ್ರ ಹಾಕಬಾರದು. ಹೆಗಲಲ್ಲಿ ಎಷ್ಟು ಭಾರವಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಖಾತುನಬಿಗೂ ಹೇಳುವುದು ಬೇಡ. ಅವಳು ನಿಜವಾಗಿಯೇ ನೂಕಲಿ.

"ಇನ್ನೊಂದ ರೊಟ್ಟಿ ತಿನ್ನ ಅವ್ವಾ," ಎಂದಳು ಶ್ವೇತಾ. "ನಾಳಿ ನೂಕಬೇಕಲ್ಲ."

ಸಕ್ರವ್ವ ತಿಂದಳು.